ಎಂಟು ವ್ಯಾಟಿನ ಋಣ

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನನ್ನ ಬ್ಯಾಗಿನಲ್ಲಿ ಪುಸ್ತಕಗಳ ನಡುವೆ ಅಂಗೈಯಗಲದ ಒಂದು ಮೀಟರ್ ಇತ್ತು. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಅದರ ಮೇಲೆ ಟಿವಿಯದೋ ಮಿಕ್ಸಿಯದೋ ಪಿನ್ನನ್ನು ಸಿಕ್ಕಿಸಿದರೆ, ಆ ಉಪಕರಣ ಆ ಕ್ಷಣದಲ್ಲಿ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂದು ತೋರಿಸುತ್ತದೆ. ಸಾವಿರ ರೂಪಾಯಿಯೊಳಗೆ ಆನ್‌ಲೈನಿನಲ್ಲಿ ಸಿಕ್ಕಿತ್ತು. ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಅಳೆಯುವಂಥದ್ದು ಹೆಚ್ಚೇನೂ ಇರಲಿಲ್ಲ. ಹಾಗಾಗಿ ಸಾಗರದ ಹತ್ತಿರದ ಹಳ್ಳಿಯಲ್ಲಿ ಅಮ್ಮ ಒಬ್ಬಳೇ ಇರುವ ಮನೆ ನನ್ನ ಪ್ರಯೋಗಶಾಲೆಯಾಯಿತು. ನಾನು ಒಂದೊಂದೇ ಪ್ಲಗ್ ಕಿತ್ತು ಸಿಕ್ಕಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ನೋಡಿ ಅಮ್ಮ, "ನಿನ್ನ ಪಿಎಚ್‌ಡಿಗೆ ಇದೂ ಬೇಕಾ?" ಎಂದಳು.

ಬೇಕಿರಲಿಲ್ಲ. ನಾನು ಓದುತ್ತಿರುವುದು ಮುಳುಗಡೆಯನ್ನು ವಸ್ತುವಾಗಿಸಿಕೊಂಡ ಕನ್ನಡ ಕಥನಗಳನ್ನು. ನಾ. ಡಿಸೋಜರ 'ಮುಳುಗಡೆ', 'ದ್ವೀಪ'ಗಳಿಂದ ಶುರುವಾಗಿ ಶರಾವತಿ, ಕಾಳಿ, ಕೃಷ್ಣೆಯ ದಂಡೆಗಳಲ್ಲಿ ಹುಟ್ಟಿದ ಬರವಣಿಗೆ. ಆದರೆ ಅಣೆಕಟ್ಟಿನಿಂದ ಮನೆ ಕಳೆದುಕೊಂಡವರ ಕಥೆಗಳನ್ನು ಮೂರು ವರ್ಷ ಓದಿದ ಮೇಲೆ, ಆ ಅಣೆಕಟ್ಟಿನಿಂದ ಬಂದ ಕರೆಂಟು ಕೊನೆಗೆ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ ತಲೆಯೊಳಗೆ ಹೊಕ್ಕು ಕೂತಿತ್ತು. ಅದರ ಒಂದಿಷ್ಟು ಪಾಲು ಯಾರೂ ನೋಡದ ಟಿವಿಗೆ, ಯಾರೂ ಒತ್ತದ ರಿಮೋಟಿಗೆ ಕಾಯುತ್ತಾ ಖರ್ಚಾಗುತ್ತದೆ ಎಂದು ಎಲ್ಲೋ ಓದಿದ್ದೆ. ಅದನ್ನು ಕಣ್ಣಾರೆ ನೋಡಬೇಕೆನಿಸಿತು.

ನೋಡಿದ್ದಿಷ್ಟು. ಪಿನ್ನಿನಲ್ಲಿ ಸಿಕ್ಕಿಸಿಟ್ಟ ಮೊಬೈಲ್ ಚಾರ್ಜರಿಗೆ ಮೀಟರ್ ಸೊನ್ನೆಯನ್ನೇ ತೋರಿಸಿತು. ಅಂದರೆ ಅದು ಎಳೆಯುವುದು ಈ ಅಗ್ಗದ ಮೀಟರಿನ ಕಣ್ಣಿಗೆ ಬೀಳದಷ್ಟು ಕಡಿಮೆ. ರಿಮೋಟಿನಲ್ಲಿ ಆರಿಸಿದ ಟಿವಿ ಅರ್ಧ ವ್ಯಾಟ್. ಬ್ಯಾಟರಿ ತುಂಬಿಯೂ ಪ್ಲಗ್ಗಿನಲ್ಲೇ ಇರುವ ಇನ್ವರ್ಟರ್ ಹನ್ನೊಂದು ವ್ಯಾಟ್. ಟಿವಿಯ ಕೆಳಗೆ ಕೂತ ಕೇಬಲ್ ಡಬ್ಬಿ, ಅಂದರೆ ಸೆಟ್‌ಟಾಪ್ ಬಾಕ್ಸ್, ಕೆಲಸ ಮಾಡುವಾಗ ಒಂಬತ್ತು ವ್ಯಾಟ್. ರಿಮೋಟಿನಲ್ಲಿ ಆರಿಸಿದ ಮೇಲೆ ಎಂಟು.

ಒಂಬತ್ತು ಮತ್ತು ಎಂಟು. ಮೀಟರ್ ಕೆಟ್ಟಿದೆಯೆಂದು ಮೂರು ಸಲ ಕಿತ್ತು ಹಾಕಿದೆ. ಡಬ್ಬಿಯ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ರಿಮೋಟಿನ ಗುಂಡಿ ಒತ್ತಿದಾಗ ಆರುವುದು ಚಿತ್ರ ಮಾತ್ರ. ಒಳಗೆ ಸಿಗ್ನಲ್ ಹಿಡಿಯುವ ಭಾಗ, ನೆನಪಿನ ಭಾಗ, ಕರೆಂಟನ್ನು ತಗ್ಗಿಸಿ ಕೊಡುವ ಭಾಗ ಎಲ್ಲವೂ ಎಚ್ಚರವಾಗಿಯೇ ಇರುತ್ತವೆ. ನಾವು ಮತ್ತೆ ಗುಂಡಿ ಒತ್ತಿದಾಗ ಎರಡು ನಿಮಿಷ ಕಾಯಬಾರದೆಂದು ಅದು ಇಪ್ಪತ್ತು ಗಂಟೆ ಕಾಯುತ್ತದೆ. ಅಮ್ಮ ದಿನಕ್ಕೆ ನಾಲ್ಕು ಗಂಟೆ ಟಿವಿ ನೋಡುತ್ತಾಳೆ. ಆ ನಾಲ್ಕು ಗಂಟೆಗೆ ಡಬ್ಬಿ ತಿನ್ನುವುದು 36 ವ್ಯಾಟ್-ಗಂಟೆ, ಉಳಿದ ಇಪ್ಪತ್ತು ಗಂಟೆಗೆ 160. ಕೆಲಸಕ್ಕಿಂತ ಕಾಯುವುದಕ್ಕೇ ನಾಲ್ಕು ಪಟ್ಟು ಹೆಚ್ಚು. ವರ್ಷಕ್ಕೆ ಲೆಕ್ಕ ಹಾಕಿದರೆ ಕಾಯುವುದಕ್ಕೇ ಸುಮಾರು 58 ಯುನಿಟ್.

ನಮ್ಮ ಮನೆಯಲ್ಲಿ ಫ್ರಿಜ್ಜಿಲ್ಲ. ಬಚ್ಚಲಿನ ಹಂಡೆಗೆ ಸೌದೆ ಒಲೆ. ತಿಂಗಳಿಗೆ ಬರುವುದೇ 38 ಯುನಿಟ್ಟಿನ ಆಸುಪಾಸು. ಅದರಲ್ಲಿ ಹೆಚ್ಚುಕಡಿಮೆ ಎಂಟರಲ್ಲೊಂದು ಪಾಲು ಈ ಡಬ್ಬಿಯ ಕಾಯುವಿಕೆಗೆ ಹೋಗುತ್ತಿತ್ತು. ನಾನು ಯಾವುದೋ ಕಳ್ಳನನ್ನು ಹಿಡಿದ ಉಮೇದಿನಲ್ಲಿ ಈ ಲೆಕ್ಕವನ್ನು ಅಮ್ಮನ ಮುಂದೆ ಓದಿದೆ. ಅಮ್ಮ ಹಲಸಿನಕಾಯಿ ಬಿಡಿಸುತ್ತಾ ಕೇಳಿಸಿಕೊಂಡಳು. ಕೊನೆಗೆ, "ಅದನ್ನ ಆಫ್ ಮಾಡಿ ಏನು ಸಿಗ್ತದೆ ಮಾರಾಯ್ತಿ? ಬಿಲ್ಲೇ ಸೊನ್ನೆ ಬರ್ತದಲ್ಲ" ಎಂದಳು.

ಆ ಪ್ರಶ್ನೆಗೆ ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಇರಲಿಲ್ಲ.

2023ರ ಜುಲೈಯಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ. 2022-23ರಲ್ಲಿ ಒಂದು ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದಕ್ಕೆ ಶೇಕಡಾ 10 ಸೇರಿಸಿ, 200 ಯುನಿಟ್ ಮೀರದಂತೆ, ಅಷ್ಟು ಕರೆಂಟು ಉಚಿತ. ಯೋಜನೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ವಿಧವಾ ವೇತನದಲ್ಲಿ ತಿಂಗಳು ದೂಡುವ ಹೆಂಗಸಿಗೆ ಸೊನ್ನೆ ಬಿಲ್ಲು ಎಂದರೆ ಏನು ಎಂದು ನಾನು ನಮ್ಮ ಕೇರಿಯಲ್ಲೇ ಕಂಡಿದ್ದೇನೆ. ಆದರೆ ಆ ಸೂತ್ರದೊಳಗೆ ಒಂದು ವಿಚಿತ್ರ ಇತ್ತು. ಆ ವರ್ಷ ತಿಂಗಳಿಗೆ 180 ಯುನಿಟ್ ಉರಿಸಿದವರಿಗೆ 198 ಉಚಿತ. 30ರಲ್ಲಿ ಮುಗಿಸಿದವರಿಗೆ 33. ಹಿಡಿತದಿಂದ ಬದುಕಿದವರ ಹಿಡಿತವೇ ಅವರ ಮಿತಿಯಾಯಿತು. ಮುಂದೆ 2024ರಲ್ಲಿ, ಕಡಿಮೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯುನಿಟ್ ಹೆಚ್ಚುವರಿ ಎಂದು ಅದನ್ನು ತಿದ್ದಿದರು. ಅಮ್ಮನ ಮಟ್ಟಿಗಂತೂ ಡಬ್ಬಿ ಉರಿದರೂ ಸೊನ್ನೆ, ಆರಿದರೂ ಸೊನ್ನೆ.

ನಾವು ಸಾಮಾನ್ಯವಾಗಿ ಮಿತವ್ಯಯದ ಪಾಠ ಹೇಳುವುದು ಹಣದ ಭಾಷೆಯಲ್ಲಿ. "ಲೈಟ್ ಆಫ್ ಮಾಡು, ಬಿಲ್ಲು ನಿಮ್ಮಪ್ಪ ಕಟ್ತಾನಾ?" ಎಂದು ಬೈಸಿಕೊಂಡು ಬೆಳೆದವರು ನಾವು. ಬಿಲ್ಲೇ ಇಲ್ಲದಿದ್ದಾಗ ಆ ಭಾಷೆ ಮೂಕವಾಗುತ್ತದೆ. ಆಗಲೇ ನಿಜವಾದ ಪ್ರಶ್ನೆ ಏಳುವುದು. ಯಾರ ಜೇಬಿನಿಂದಲೂ ಹೋಗದ, ಯಾರಿಗೂ ಗೊತ್ತಾಗದಷ್ಟು ಸಣ್ಣ ಪೋಲು ತಪ್ಪೇ? ತಪ್ಪಾದರೆ ಯಾರ ವಿರುದ್ಧದ ತಪ್ಪು?

ಪಾಶ್ಚಾತ್ಯ ನೀತಿಶಾಸ್ತ್ರದಲ್ಲಿ ಈ ಪ್ರಶ್ನೆಗೊಂದು ಹಳೆಯ ದೃಷ್ಟಾಂತವಿದೆ. 1975ರಲ್ಲಿ ಜೊನಾಥನ್ ಗ್ಲೋವರ್ ಎಂಬ ಬ್ರಿಟಿಷ್ ತತ್ವಜ್ಞಾನಿ ಬರೆದದ್ದು. ಒಂದೂರಿನಲ್ಲಿ ನೂರು ಜನ ಊಟಕ್ಕೆ ಕೂತಿದ್ದಾರೆ, ಪ್ರತಿಯೊಬ್ಬರ ಬಟ್ಟಲಿನಲ್ಲೂ ನೂರು ಕಾಳು. ನೂರು ಜನ ಶಸ್ತ್ರಧಾರಿ ಡಕಾಯಿತರು ಬಂದು ತಲಾ ಒಂದು ಬಟ್ಟಲು ಕಿತ್ತು ತಿಂದು ಹೋಗುತ್ತಾರೆ. ಒಬ್ಬೊಬ್ಬ ಡಕಾಯಿತನೂ ಒಬ್ಬೊಬ್ಬನನ್ನು ಉಪವಾಸ ಕೆಡವಿದ್ದಾನೆ. ತಪ್ಪು ಕಣ್ಣಿಗೆ ಕಾಣುತ್ತದೆ. ಮುಂದಿನ ವಾರ ಮತ್ತೆ ಬರುವಾಗ ಅವರಿಗೆ ಮನಸ್ಸು ಚುಚ್ಚುತ್ತದೆ. ಅದಕ್ಕೊಂದು ಉಪಾಯ ಮಾಡುತ್ತಾರೆ. ಈ ಸಲ ಪ್ರತಿ ಡಕಾಯಿತನೂ ಪ್ರತಿ ಬಟ್ಟಲಿನಿಂದ ಒಂದೊಂದೇ ಕಾಳು ಎತ್ತಿಕೊಳ್ಳುತ್ತಾನೆ. ಒಂದು ಕಾಳು ಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾದರೆ ಯಾರೂ ಯಾರಿಗೂ ಅನ್ಯಾಯ ಮಾಡಿಲ್ಲ. ಆದರೆ ಕೊನೆಗೆ ನೂರು ಬಟ್ಟಲುಗಳೂ ಖಾಲಿ.

'ಹನಿಹನಿ ಕೂಡಿ ಹಳ್ಳ' ಎಂದು ನಮ್ಮವರು ಕೂಡಿಡುವುದರ ಬಗ್ಗೆ ಹೇಳಿದ್ದನ್ನು ಗ್ಲೋವರ್ ಕಳೆದುಕೊಳ್ಳುವುದರ ಕಡೆಯಿಂದ ಹೇಳಿದ ಹಾಗಿದೆ. 1984ರಲ್ಲಿ ಡೆರೆಕ್ ಪಾರ್ಫಿಟ್ ಇದೇ ವಾದವನ್ನು ಮುಂದುವರಿಸಿ, ನನ್ನೊಬ್ಬನ ಕೃತ್ಯದ ಪರಿಣಾಮ ಯಾರ ಅನುಭವಕ್ಕೂ ಬಾರದು ಎಂಬ ಮಾತ್ರಕ್ಕೆ ಅದು ತಪ್ಪಲ್ಲ ಎನ್ನುವುದು ನೈತಿಕ ಗಣಿತದ ಒಂದು ದೋಷ ಎಂದ. ನನ್ನ ಎಂಟು ವ್ಯಾಟಿಗೆ ಇದು ಸರಿಯಾಗಿ ಹೊಂದುತ್ತದೆ. ಒಂದು ಕೋಟಿ ಮನೆಗಳಲ್ಲಿ ಇಂಥದೇ ಡಬ್ಬಿ ಹೀಗೇ ಕಾಯುತ್ತಿದೆ ಎಂದು ಊಹಿಸಿಕೊಳ್ಳಿ. ಎಂಟು ವ್ಯಾಟು 80 ಮೆಗಾವ್ಯಾಟ್ ಆಗುತ್ತದೆ. ಶರಾವತಿ ವಿದ್ಯುದಾಗಾರದಲ್ಲಿ ಇರುವುದು ತಲಾ 103.5 ಮೆಗಾವ್ಯಾಟಿನ ಹತ್ತು ಯಂತ್ರಗಳು. ಹತ್ತರಲ್ಲಿ ಒಂದು ಯಂತ್ರ ತನ್ನ ಶಕ್ತಿಯ ಮುಕ್ಕಾಲು ಪಾಲನ್ನು ಯಾರೂ ನೋಡದ ಟಿವಿಗಳ ಕೆಳಗೆ ಡಬ್ಬಿಗಳು ಬೆಚ್ಚಗಿರಲೆಂದೇ ತಿರುಗಿಸಿದಂತೆ.

ಇಷ್ಟಕ್ಕೇ ನಿಲ್ಲಿಸಿದರೆ ಉಪದೇಶಕ್ಕೆ ಬೇಕಾದಷ್ಟು ಸಾಮಗ್ರಿ ಸಿಕ್ಕಂತಾಯಿತು. ಆದರೆ ಎದುರು ಪಕ್ಷದ ವಾದಗಳೂ ಗಟ್ಟಿಯಾಗಿವೆ. ಅಮೆರಿಕದ ವಾಲ್ಟರ್ ಸಿನಟ್-ಆರ್ಮ್‌ಸ್ಟ್ರಾಂಗ್ 2005ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಒಬ್ಬ ವ್ಯಕ್ತಿ ಭಾನುವಾರ ಖುಷಿಗೆಂದು ಕಾರು ಓಡಿಸಿದ್ದರಿಂದ ಹವಾಮಾನ ಬದಲಾಯಿತೆಂದು ಹೇಳಲಾಗದು, ಈ ಹೊಣೆ ಮುಖ್ಯವಾಗಿ ಸರಕಾರಗಳದ್ದು ಎಂದು ವಾದಿಸಿದ. ಕೇಂಬ್ರಿಜ್‌ನ ಭೌತವಿಜ್ಞಾನಿ ಡೇವಿಡ್ ಮೆಕೇ 2008ರ ತನ್ನ ಪುಸ್ತಕದಲ್ಲಿ ಇನ್ನೂ ನೇರವಾಗಿ ಲೆಕ್ಕ ಕೊಟ್ಟ. ಫೋನ್ ಚಾರ್ಜರನ್ನು ಇಡೀ ದಿನ ಕಿತ್ತಿಟ್ಟು ಉಳಿಸುವ ಶಕ್ತಿ, ಕಾರು ಒಂದೇ ಒಂದು ಸೆಕೆಂಡು ಓಡಿದರೆ ಖಾಲಿ. ಎಲ್ಲರೂ ಸ್ವಲ್ಪ ಸ್ವಲ್ಪ ಮಾಡಿದರೆ ಒಟ್ಟಿನಲ್ಲಿ ಆಗುವುದೂ ಸ್ವಲ್ಪವೇ ಎಂಬುದು ಅವನ ತಕರಾರು.

ಈ ಮಾತನ್ನು ನನ್ನ ಮೇಲೇ ಪ್ರಯೋಗಿಸಿಕೊಂಡೆ. ಮೈಸೂರಿನ ನನ್ನ ಕೋಣೆಯಲ್ಲಿ ಎರಡು ಸಾವಿರ ವ್ಯಾಟಿನ ಗೀಸರ್ ಇದೆ. ಅರ್ಧ ಗಂಟೆ ಉರಿದರೆ ಒಂದು ಯುನಿಟ್. ಅಮ್ಮನ ಡಬ್ಬಿ ಆರು ದಿನ ಕಾಯಲು ಬೇಕಾಗುವಷ್ಟನ್ನು ನಾನು ಒಂದು ಬೆಳಗಿನ ಸ್ನಾನಕ್ಕೆ ಮುಗಿಸುತ್ತೇನೆ. ಡಬ್ಬಿಯ ಹಸಿರು ಅಂಕಿ ಕಣ್ಣಿಗೆ ಹೊಡೆಯುತ್ತದೆ, ಬಚ್ಚಲಲ್ಲಿ ಕಾಯುವ ನೀರು ಹೊಡೆಯುವುದಿಲ್ಲ. ನಮ್ಮ ಅಪರಾಧಪ್ರಜ್ಞೆ ಹೆಚ್ಚಾಗಿ ಕಂಡದ್ದರ ಹಿಂದೆ ಹೋಗುತ್ತದೆ. ದೊಡ್ಡದನ್ನು ಮುಟ್ಟದೆ ಚಿಕ್ಕದನ್ನು ಆರಿಸಿ ಪರಿಸರಪ್ರೇಮಿ ಎನಿಸಿಕೊಳ್ಳುವುದು ಸುಲಭದ ಪುಣ್ಯ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ ಎನಿಸಿತು. ಬಿಸಿನೀರಿನಿಂದ ನನಗೆ ಸ್ನಾನವಾದರೂ ಆಗುತ್ತದೆ. ಕಡಿಮೆ ಮಾಡಬಹುದು, ಆದರೆ ಅದು ಬಳಕೆ. ಕಾಯುವ ಎಂಟು ವ್ಯಾಟಿನಿಂದ ಯಾರಿಗೂ ಏನೂ ಆಗುವುದಿಲ್ಲ. ಇನ್ವರ್ಟರಿನ ಹನ್ನೊಂದು ವ್ಯಾಟನ್ನು ನಾನು ಪೋಲು ಎನ್ನಲಾರೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದಾಗ ಅದು ಕಾದದ್ದಕ್ಕೆ ಅರ್ಥ ಬರುತ್ತದೆ. ಹೆಚ್ಚಿನ ಬಳಕೆಯ ಬಗ್ಗೆ ಯಾರಿಗೆ ಎಷ್ಟು ಬೇಕು ಎಂದು ಜಗಳವಾಡಬಹುದು. ಯಾರಿಗೂ ಬೇಡದ ಖರ್ಚಿನ ಬಗ್ಗೆ ಜಗಳವಾಡಲೂ ಏನಿಲ್ಲ, ಹಾಗಾಗಿಯೇ ಅದು ಅಷ್ಟು ಸಲೀಸಾಗಿ ಉಳಿದುಬಿಡುತ್ತದೆ. ಹೀಗೆಂದುಕೊಂಡು ನಾನು ಡಬ್ಬಿಯ ಮೇಲೆ ಕ್ರಮ ಜರುಗಿಸಿದೆ.

ಅದರ ಪ್ಲಗ್ಗು ಇದ್ದದ್ದು ಶೋಕೇಸಿನ ಹಿಂದೆ, ನೆಲದಿಂದ ಒಂದಡಿ ಎತ್ತರದಲ್ಲಿ. ಮಂಡಿನೋವಿನ ಅಮ್ಮ ದಿನಾ ಬಗ್ಗಿ ಅದನ್ನು ಆರಿಸುವ ಮಾತೇ ಇರಲಿಲ್ಲ. ಸಾಗರದಿಂದ ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ತಂದು, ಕೈಗೆ ಸಿಗುವ ಎತ್ತರದಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ರಾತ್ರಿ ಧಾರಾವಾಹಿ ಮುಗಿದ ಮೇಲೆ ನಾನೇ ಆರಿಸುತ್ತಿದ್ದೆ. ಮೂರು ದಿನ ಹೀಗೇ ನಡೆಯಿತು. ಅಮ್ಮ ಏನೂ ಹೇಳಲಿಲ್ಲ.

ನಾಲ್ಕನೆಯ ರಾತ್ರಿ ಹೊಗೆಯ ವಾಸನೆಗೆ ಎಚ್ಚರವಾಯಿತು. ಗಾಬರಿಯಲ್ಲಿ ಎದ್ದು ಹೋದರೆ ಬಚ್ಚಲೊಲೆಯ ಮುಂದೆ ಅಮ್ಮ ಕೂತಿದ್ದಳು. ಬೆಂಕಿ ಹೊತ್ತಿತ್ತು, ಹಂಡೆಯಲ್ಲಿ ನೀರು ಕಾಯುತ್ತಿತ್ತು. ನನ್ನ ಮೊಬೈಲಿನಲ್ಲಿ ಗಂಟೆ ಎರಡೂವರೆ. "ಬೆಳಗಾಯ್ತು ಅಂದ್ಕೊಂಡೆ" ಎಂದು ನಕ್ಕಳು. ಆಮೇಲೆ ವಿಷಯ ತಿಳಿಯಿತು. ಕಡಿಮೆ ನಿದ್ದೆಯ ಅವಳಿಗೆ ರಾತ್ರಿ ಮೂರ್ನಾಲ್ಕು ಸಲ ಎಚ್ಚರವಾಗುತ್ತದೆ. ಗೋಡೆಯ ಗಡಿಯಾರ ಕತ್ತಲಲ್ಲಿ ಕಾಣದು. ಅವಳ ಮೊಬೈಲು ಸಿಗ್ನಲ್ ಸಿಗುವ ಜಗಲಿಯ ಕಿಟಕಿಯಲ್ಲೇ ಇರುತ್ತದೆ. ಮಲಗಿದಲ್ಲಿಂದಲೇ ಬಾಗಿಲಾಚೆ ಕಾಣುತ್ತಿದ್ದುದು ಡಬ್ಬಿಯ ಮೇಲಿನ ನಾಲ್ಕು ಹಸಿರು ಅಂಕಿಗಳು. ಡಬ್ಬಿ ಆರಿಸಿದಾಗ ಅದು ಗಂಟೆ ತೋರಿಸುತ್ತದೆ. ಎಷ್ಟೋ ವರ್ಷಗಳಿಂದ ಅಮ್ಮನ ರಾತ್ರಿಯ ಗಡಿಯಾರ ಅದೇ ಆಗಿತ್ತು.

"ಮೊದಲೇ ಹೇಳಬಾರದಿತ್ತಾ?" ಎಂದೆ. "ನೀನು ಅಷ್ಟೆಲ್ಲ ಲೆಕ್ಕ ಮಾಡಿದ್ದೆಯಲ್ಲ" ಎಂದಳು.

ಆ ರಾತ್ರಿ ಮತ್ತೆ ಮಲಗಲಿಲ್ಲ. ಒಲೆಯ ಮುಂದೆ ಕೂತು ಅಮ್ಮ ತನ್ನ ಬಾಲ್ಯದ ಮಾತು ತೆಗೆದಳು. ಅಜ್ಜಿಯ ತಲೆಮಾರಿನವರು ಬಿಟ್ಟು ಬಂದ ಊರು ಲಿಂಗನಮಕ್ಕಿಯ ನೀರಿನಡಿ ಇದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಮ್ಮ ಹುಟ್ಟಿದ್ದು ಆಮೇಲೆ, ಕಾಡು ಕಡಿದು ಮಾಡಿಕೊಂಡ ಹೊಸ ಊರಿನಲ್ಲಿ. ಅವರ ಗದ್ದೆಯ ಮೇಲೆಯೇ ಹೈಟೆನ್ಷನ್ ತಂತಿ ಹಾದುಹೋಗಿತ್ತು, ಮಳೆಗಾಲದಲ್ಲಿ ಜುಂಯ್ ಎಂದು ಸದ್ದು ಮಾಡುತ್ತಿತ್ತು. ಮನೆಯಲ್ಲಿ ಮಾತ್ರ ಸೀಮೆಎಣ್ಣೆ ಬುಡ್ಡಿ. ಎಸ್ಸೆಸ್ಸೆಲ್ಸಿಯವರೆಗೂ ಅವಳು ಓದಿದ್ದು ಅದೇ ಬೆಳಕಲ್ಲಿ. ಇದನ್ನೆಲ್ಲ ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. "ಆಗ ರಾತ್ರಿ ಗಂಟೆ ನೋಡ್ಬೇಕಂದ್ರೆ ಕಡ್ಡಿ ಗೀರ್ಬೇಕಿತ್ತು" ಎಂದಳಷ್ಟೆ.

ಗ್ಲೋವರನ ದೃಷ್ಟಾಂತದಲ್ಲಿ ಡಕಾಯಿತರು ಬೇರೆ, ಹಸಿದವರು ಬೇರೆ. ನಮ್ಮ ಮನೆಯಲ್ಲಿ ಆ ಗೆರೆ ಎಳೆಯಲು ನನಗಾಗಲಿಲ್ಲ. ಅಮ್ಮ ಒಂದು ಕಾಳು ಎತ್ತಿಕೊಂಡವಳೂ ಹೌದು, ಬಟ್ಟಲು ಕಳೆದುಕೊಂಡವರ ಮಗಳೂ ಹೌದು. ರಾಜ್ಯಕ್ಕೆ ಬೆಳಕು ಬರಲೆಂದು ಊರು ಬಿಟ್ಟವರ ಮಗಳಿಗೆ ಬೆಳಕನ್ನು ಪೋಲು ಮಾಡಬೇಡ ಎಂದು ಪಾಠ ಹೇಳಲು ನಾನು ಮೈಸೂರಿನಿಂದ ಮೀಟರ್ ತಂದಿದ್ದೆ. ಶರಾವತಿಯ ಮುಳುಗಡೆಯಿಂದ ಎದ್ದು ಬಂದ ಎಷ್ಟೋ ಕುಟುಂಬಗಳು ಅರವತ್ತು ವರ್ಷದ ಮೇಲೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಹಿನ್ನೀರಿನಾಚೆಯ ತುಮರಿ ಸೀಮೆಯ ಜನ 2025ರ ಜುಲೈಯಲ್ಲಿ ಸೇತುವೆ ಆಗುವವರೆಗೂ ಲಾಂಚಿಗೆ ಕಾಯುತ್ತಿದ್ದರು. ಡಬ್ಬಿ ಕಾಯುವುದನ್ನು ನಾನು ಅಳೆದೆ. ಇವರು ಕಾದದ್ದಕ್ಕೆ ಮೀಟರ್ ಇಲ್ಲ.

ಇಲ್ಲಿ ನನಗೆ ಕನ್ನಡದ ಒಂದು ಮಾತು ನೆರವಿಗೆ ಬಂತು: ಋಣ. ಬಿಲ್ಲು ಎಂದರೆ ನಾವು ಕೊಟ್ಟು ಮುಗಿಸುವಂಥದ್ದು, ಅಥವಾ ಸರಕಾರ ನಮ್ಮ ಪರವಾಗಿ ಕೊಟ್ಟು ಮುಗಿಸುವಂಥದ್ದು. ಋಣ ಹಾಗಲ್ಲ. 'ಅನ್ನದ ಋಣ', 'ನೀರಿನ ಋಣ' ಎನ್ನುವಾಗ ದುಡ್ಡು ಕೊಟ್ಟು ಕೊಂಡ ಅನ್ನವೂ ಅದರಲ್ಲಿ ಸೇರಿದೆ. ಬೆಲೆ ಕೊಟ್ಟಮೇಲೂ ಉಳಿಯುವುದೇ ಋಣ. ಕರೆಂಟಿಗೂ ಹಾಗೊಂದು ಋಣವಿದೆ. ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಅದು ಸೊನ್ನೆಯಾಗುವುದಿಲ್ಲ. ಬಿಲ್ಲು ಕಟ್ಟಿದ ಮಾತ್ರಕ್ಕೂ ಆಗುವುದಿಲ್ಲ. ತಿಂಗಳಿಗೆ ಸಾವಿರಾರು ರೂಪಾಯಿ ಬಿಲ್ಲು ಕಟ್ಟುವವರು "ನನ್ನ ದುಡ್ಡು, ನನ್ನ ಕರೆಂಟು" ಎನ್ನುವುದೂ ಅಮ್ಮನ "ಬಿಲ್ಲೇ ಸೊನ್ನೆ" ಎನ್ನುವುದೂ ಒಂದೇ ತಪ್ಪಿನ ಎರಡು ರೂಪ. ಎರಡೂ ಋಣವನ್ನು ಬಿಲ್ಲೆಂದು ಓದುತ್ತವೆ.

ಆದರೆ ಋಣದ ಲೆಕ್ಕದಲ್ಲಿ ಎಲ್ಲರೂ ಸಮಾನ ಸಾಲಗಾರರಲ್ಲ. ಶರಾವತಿಯ ನೀರಿನ ಮಟ್ಟಿಗೆ ಅಮ್ಮ ಸಾಲ ಕೊಟ್ಟ ಕಡೆಯವಳು. ನಾನು ಅವಳ ಮಗಳಾದರೂ ಆ ಪುಣ್ಯ ನನಗೆ ತಾನಾಗಿ ಬರುವುದಿಲ್ಲ. ನನ್ನ ರಾತ್ರಿಯ ಕರೆಂಟಿನ ದಾರಿಯೇ ಬೇರೆ. ಹಗಲು ಪಾವಗಡದ ಸೌರಫಲಕಗಳಿಂದ ಬರಬಹುದು. ಸಂಜೆ ಎಲ್ಲರೂ ಒಮ್ಮೆಲೇ ದೀಪ ಹಚ್ಚುವಾಗ ಜಲವಿದ್ಯುತ್ ಕೈಹಿಡಿಯುತ್ತದೆ. ಆದರೆ ಸ್ಟ್ಯಾಂಡ್‌ಬೈ ಎನ್ನುವುದು ಹಗಲಿರುಳೆನ್ನದೆ ಒಂದೇ ಸಮ ಹರಿಯುವ ಬೇಡಿಕೆ. ನಡುರಾತ್ರಿಯ ಆ ಬೇಡಿಕೆಯನ್ನು ಹೊರುವುದರಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು. ಕಲ್ಲಿದ್ದಲಿನಿಂದ ಒಂದು ಯುನಿಟ್ ಮಾಡಲು ಅರ್ಧ ಕೆಜಿಗೂ ಹೆಚ್ಚು ಕಲ್ಲಿದ್ದಲು ಬೇಕು. ಡಬ್ಬಿಯ ವರ್ಷದ 58 ಯುನಿಟ್ಟೂ ಅದರಿಂದಲೇ ಬಂದಿತೆಂದರೆ ಮೂವತ್ತು ಕೆಜಿ ದಾಟುತ್ತದೆ. ಸಿಂಗರೇಣಿಯ ಗಣಿಯಿಂದ ರೈಲಿನಲ್ಲಿ ರಾಯಚೂರಿನ ಶಕ್ತಿನಗರಕ್ಕೆ ಬಂದು, ಉರಿದು, ಬೂದಿಯಾಗಿ ಅಲ್ಲಿಯವರ ನೆರೆಯಲ್ಲೇ ಉಳಿಯುವ ಒಂದು ಚೀಲ ಕಲ್ಲಿದ್ದಲು. ಆ ಊರಿನವರ ಮುಂದೆ ಅಮ್ಮನೂ ನಾನೂ ಇಬ್ಬರೂ ಸಾಲಗಾರರೇ.

ಹಾಗಾದರೆ ತೀರಿಸಬೇಕಾದವರು ಯಾರು, ಯಾವ ಕ್ರಮದಲ್ಲಿ? ಮೊದಲ ಹೊಣೆ ಸ್ವಿಚ್ ಒತ್ತುವ ಬೆರಳಿನದ್ದಲ್ಲ, ಡಬ್ಬಿ ಮಾಡಿದ ಕೈಯದ್ದು ಎಂದು ನನಗನಿಸುತ್ತದೆ. ಇದಕ್ಕೆ ಚರಿತ್ರೆಯಲ್ಲಿ ಸಾಕ್ಷಿ ಇದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಅಲನ್ ಮೇಯರ್ ಎಂಬ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಒಂದು ಸರಳ ಸಲಹೆ ಮುಂದಿಟ್ಟ: ಯಾವ ಉಪಕರಣವೂ ಕಾಯುವಾಗ ಒಂದು ವ್ಯಾಟಿಗಿಂತ ಹೆಚ್ಚು ತಿನ್ನಬಾರದು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಅದನ್ನು ಎತ್ತಿಕೊಂಡಿತು. 2001ರಲ್ಲಿ ಅಮೆರಿಕದ ಅಧ್ಯಕ್ಷರು ಸರಕಾರಿ ಕಚೇರಿಗಳು ಅಂಥ ಉಪಕರಣಗಳನ್ನೇ ಕೊಳ್ಳಬೇಕೆಂದು ಆದೇಶಿಸಿದರು. ಯುರೋಪಿನ ಒಕ್ಕೂಟ 2010ರಿಂದ ಬಹುತೇಕ ಗೃಹೋಪಕರಣಗಳಿಗೆ ಒಂದು ವ್ಯಾಟು, 2013ರಿಂದ ಅರ್ಧ ವ್ಯಾಟು ಎಂದು ಕಾನೂನು ಮಾಡಿತು. ಅಮ್ಮನ ಟಿವಿ ಅರ್ಧ ವ್ಯಾಟಿನಲ್ಲಿ ಕಾಯುವುದರ ಹಿಂದೆ ಇಂಥ ಒತ್ತಡಗಳ ಪಾಲಿದೆ. ಯಾರ ಮನಸ್ಸನ್ನೂ ಪರಿವರ್ತಿಸದೆ, ಯಾರಿಗೂ ಉಪದೇಶ ಮಾಡದೆ ಆದ ಕೆಲಸ ಅದು. ಕೋಟ್ಯಂತರ ಜನ ದಿನಾ ಬಗ್ಗಿ ಪ್ಲಗ್ ಕಿತ್ತರೂ ಅಷ್ಟಾಗುತ್ತಿರಲಿಲ್ಲ.

ಹಾಗಾದರೆ ಅದರ ಪಕ್ಕದ ಡಬ್ಬಿ ಎಂಟು ವ್ಯಾಟಿನಲ್ಲಿ ಏಕೆ ಉಳಿಯಿತು? ಟಿವಿಯನ್ನು ನಾವು ಅಂಗಡಿಯಲ್ಲಿ ನಾಲ್ಕು ನೋಡಿ, ಅದರ ಮೇಲಿನ ನಕ್ಷತ್ರಗಳನ್ನು ಎಣಿಸಿ ಕೊಳ್ಳುತ್ತೇವೆ. ಡಬ್ಬಿಯನ್ನು ಯಾರೂ ಆರಿಸಿ ಕೊಳ್ಳುವುದಿಲ್ಲ, ಕೇಬಲ್‌ನವರು ತಂದಿಟ್ಟು ಹೋಗುತ್ತಾರೆ. ಅಗ್ಗದ ಡಬ್ಬಿ ಕೊಡುವುದರ ಲಾಭ ಒಬ್ಬರಿಗೆ, ಅದು ತಿನ್ನುವ ಕರೆಂಟಿನ ಖರ್ಚು ಇನ್ನೊಬ್ಬರಿಗೆ. ಆ ಇನ್ನೊಬ್ಬರ ಬಿಲ್ಲನ್ನು ಸರಕಾರ ಕಟ್ಟುವಾಗ ಖರ್ಚು ಇನ್ನೂ ಒಂದು ಹೆಜ್ಜೆ ದೂರ ಸರಿಯುತ್ತದೆ. ಹೊಣೆ ಹೀಗೆ ಕೈಯಿಂದ ಕೈಗೆ ದಾಟಿ ಕೊನೆಗೆ ಶೋಕೇಸಿನ ಹಿಂದಿನ ಪ್ಲಗ್ಗಿನ ಹತ್ತಿರ, ಮಂಡಿನೋವಿನ ಹೆಂಗಸಿನ ಮುಂದೆ ಬಂದು ನಿಲ್ಲುತ್ತದೆ. ನಾನು ಮೀಟರ್ ಹಿಡಿದು ವಿಚಾರಣೆಗೆ ನಿಲ್ಲಿಸಿದ್ದು ಸಾಲಿನ ಕೊನೆಯವಳನ್ನು.

ಇಷ್ಟು ಹೇಳಿದ ಮೇಲೆ, ಹೊಣೆಯೆಲ್ಲ ಕಂಪನಿಗಳದ್ದು, ಸರಕಾರದ್ದು ಎಂದು ಕೈತೊಳೆದುಕೊಳ್ಳುವ ಆಸೆ ನನಗೂ ಆಗುತ್ತದೆ. ಅದನ್ನು ತಡೆಯುವುದು ಒಂದು ಸಣ್ಣ ಅನುಭವ. ನಮ್ಮ ವಿಭಾಗದ ಕಂಪ್ಯೂಟರ್ ಕೋಣೆಯಲ್ಲಿ ರಾತ್ರಿಯಿಡೀ ಯಂತ್ರಗಳು ಉರಿಯುವುದನ್ನು ನೋಡಿ ಅಟೆಂಡರಿಗೆ ಒಮ್ಮೆ ಕೇಳಿದ್ದೆ. "ಯಾರೂ ಆಫ್ ಮಾಡಿ ಅಂತ ಹೇಳಿಲ್ಲ ಮೇಡಂ" ಎಂದರು. ಹೇಳಬೇಕಾದವರು ಹೇಳಿಲ್ಲ, ಮಾಡಬಹುದಾದವರು ಮಾಡಿಲ್ಲ. ಅಲ್ಲಿ ಕೂತು ಮುಳುಗಡೆಯ ಬಗ್ಗೆ ಅಧ್ಯಾಯ ಟೈಪು ಮಾಡುತ್ತಿದ್ದ ನಾನೂ, ಎದ್ದು ಹೋಗುವಾಗ ಪರದೆಯನ್ನಷ್ಟೇ ಆರಿಸಿ ಹೋಗುತ್ತಿದ್ದೆ. ನನಗೆ ಮಂಡಿನೋವಿಲ್ಲ. ಆ ಯಂತ್ರ ನನಗೆ ಗಂಟೆ ತೋರಿಸುತ್ತಿರಲಿಲ್ಲ. ನಿಯಮ ಬದಲಾಗುವವರೆಗೆ ಕಾಯುತ್ತೇನೆ ಎಂಬುದು ಅಲ್ಲಿ ಸೋಮಾರಿತನದ ಇನ್ನೊಂದು ಹೆಸರು.

ಆದ್ದರಿಂದ, ನನ್ನ ಎಂಟು ವ್ಯಾಟಿನಿಂದ ಜಗತ್ತಿಗೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾನೀಗ ಬಿಟ್ಟಿದ್ದೇನೆ. ಅದಕ್ಕೆ ಉತ್ತರ ಯಾವಾಗಲೂ 'ಏನೂ ಆಗುವುದಿಲ್ಲ'. ಅದರ ಬದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಯಾರಿಗಾದರೂ ಬೇಕಾಗಿದೆಯೇ? ಬೇಡವಾದರೆ, ಆರಿಸುವುದು ಯಾರಿಗೆ ಹೆಚ್ಚು ಸುಲಭ? ಮೊದಲನೆಯದನ್ನು ಮೀಟರ್ ಹೇಳುವುದಿಲ್ಲ, ಆ ಮನೆಯಲ್ಲಿ ಬದುಕುವವರನ್ನೇ ಕೇಳಬೇಕು. ನಾನು ಕೇಳಿರಲಿಲ್ಲ. ಎರಡನೆಯದಕ್ಕೆ ಉತ್ತರ ಒಮ್ಮೊಮ್ಮೆ ಕಾನೂನು ಮಾಡುವವರು, ಒಮ್ಮೊಮ್ಮೆ ಡಬ್ಬಿ ಮಾಡುವವರು. ನಾಚಿಕೆಯಾಗುವಷ್ಟು ಸಲ ನಾನೇ.

ರಜೆ ಮುಗಿಯುವ ಮುಂಚೆ ಸಾಗರದ ಪೇಟೆಯಿಂದ ಕತ್ತಲಲ್ಲೂ ಮುಳ್ಳು ಹೊಳೆಯುವ, ಒಂದು ಸೆಲ್ಲಿನ ಟೈಂಪೀಸ್ ತಂದು ಅಮ್ಮನ ಹಾಸಿಗೆಯ ಪಕ್ಕ ಇಟ್ಟೆ. ಡಬ್ಬಿಯ ಸ್ವಿಚ್ಚಿನ ಬಗ್ಗೆ ಏನೂ ಹೇಳಲಿಲ್ಲ. ಆರಿಸುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು ಎಂದುಕೊಂಡೆ. ಮೈಸೂರಿಗೆ ಬಂದ ಎರಡನೆಯ ವಾರ ರಾತ್ರಿ ಫೋನಿನಲ್ಲಿ ಅವಳೇ ಹೇಳಿದಳು. "ಗಡಿಯಾರ ಚೆನ್ನಾಗಿ ಕಾಣ್ತದೆ. ಆ ಡಬ್ಬಿ ಆಫ್ ಮಾಡಿಯೇ ಮಲಗ್ತೇನೆ ಈಗ, ಸ್ವಿಚ್ಚು ಕೈಗೇ ಸಿಗ್ತದಲ್ಲ." ಬಿಲ್ಲು ಹೇಗೂ ಸೊನ್ನೆ ಅಲ್ವಾ ಎಂದು ತಮಾಷೆಗೆ ಕೇಳಿದೆ. "ಬಿಲ್ಲಿಗಲ್ಲ. ಸುಮ್ಮನೆ ಯಾಕೆ ಉರೀಬೇಕು ಅದು" ಎಂದಳು. ಸ್ವಲ್ಪ ತಡೆದು, "ನಿನ್ನ ರೂಮಲ್ಲಿ ಇಂಟರ್ನೆಟ್ಟಿನ ಡಬ್ಬಿ ಇದೆಯಲ್ಲ, ಅದನ್ನ ರಾತ್ರಿ ಆರಿಸ್ತೀಯಾ?"

ನಾನು ತಲೆಯೆತ್ತಿ ನೋಡಿದೆ. ಪುಸ್ತಕದ ಕಪಾಟಿನ ಮೇಲೆ ರೂಟರಿನ ನಾಲ್ಕು ದೀಪಗಳು ಮಿನುಗುತ್ತಿದ್ದವು. ಅದನ್ನು ನಾನು ಅಳೆದೇ ಇರಲಿಲ್ಲ.